ಕೊಳದ ಬಕವೂ ಭಕ್ತನ ಲಾಂಛನವೂ

ಹೊರಗೆ ಸಾಧುವಾಗಿ ತೋರಿ ಒಳಗೆ ವಂಚನೆಯನ್ನು ಬಗೆಯುವವನ ನಿಷ್ಠೆಯನ್ನು ಲೋಕವು 'ಬಕಧ್ಯಾನ'ವೆಂದು ಕರೆಯುತ್ತದೆ. ಈ ಮಾತು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಇದರಿಂದ ಆ ಪಕ್ಷಿಗೆ ಅನ್ಯಾಯವಾಗಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದರೆ ದೋಷವು ಬಕದ್ದಲ್ಲವೆಂಬುದೂ, ಲಾಂಛನಧಾರಿಯ ಹೊಣೆ ಎಂತಹುದೆಂಬುದೂ ಒಟ್ಟಿಗೇ ತಿಳಿದುಬರುತ್ತವೆ.

ಬೆಂಗಳೂರಿನ ಲಾಲ್‌ಬಾಗು ಹೈದರಾಲಿಯು 1760ರಲ್ಲಿ ಪ್ರಾರಂಭಿಸಿದ ತೋಟ. ಇಂದು ಅದರ ವಿಸ್ತಾರ ಸುಮಾರು 240 ಎಕರೆ. ಅಲ್ಲಿಯ ಕೆರೆಯ ಅಂಚಿನಲ್ಲಿ ಪ್ರಾತಃಕಾಲ ಸಾವಧಾನವಾಗಿ ನೋಡುವವರಿಗೆ ಕೊಳದ ಬಕವು ಕಾಣಸಿಗುತ್ತದೆ. ಅದು ಮೊಳದುದ್ದದ ಪಕ್ಷಿ. ಕುಳಿತಿರುವಾಗ ಮೈಯೆಲ್ಲ ಮಣ್ಣಿನ ಬಣ್ಣ, ಕತ್ತು ಎದೆಗಳ ಮೇಲೆ ಕಂದು ಗೆರೆಗಳು. ಜೊಂಡು ಕೆಸರುಗಳ ನಡುವೆ ಹತ್ತಿರದಲ್ಲಿದ್ದರೂ ಕಣ್ಣಿಗೆ ಬೀಳದು. ಹೆಜ್ಜೆಯ ಸಪ್ಪಳಕ್ಕೆ ಬೆದರಿ ಹಾರಿತೆಂದರೆ, ಅದುವರೆಗೆ ಮಡಿಸಿಕೊಂಡಿದ್ದ ರೆಕ್ಕೆಗಳು ಅಚ್ಚಬಿಳುಪಾಗಿ ತೆರೆದುಕೊಂಡು, ಬೇರೊಂದು ಪಕ್ಷಿಯೇ ಎದ್ದಿತೆಂಬ ಭ್ರಮೆಯುಂಟಾಗುತ್ತದೆ. ಮರಿಮಾಡುವ ಕಾಲ ಬಂದಾಗ ಬೆನ್ನಿನ ಮೇಲೆ ಕೆಂಗಂದು ಬಣ್ಣದ ಗರಿಗಳೂ ತಲೆಯ ಹಿಂದೆ ನೀಳವಾದ ಬಿಳಿಯ ಜುಟ್ಟೂ ಮೂಡುತ್ತವೆ. ಕಾಲ ಕಳೆದ ಮೇಲೆ ಅವು ಉದುರುತ್ತವೆ.

ಒಂದೇ ಪಕ್ಷಿಗೆ ಮೂರು ವೇಷಗಳು! ಆದರೆ ಇವುಗಳಲ್ಲಿ ಕಪಟವೆಲ್ಲಿದೆ? ಅಲುಗಾಡಿದರೆ ಮೀನು ಓಡುತ್ತದೆ. ಆದ್ದರಿಂದ ಬಕವು ನಿಶ್ಚಲವಾಗಿ ನಿಲ್ಲುತ್ತದೆ. ತಾನು ಧ್ಯಾನಿಸುತ್ತಿರುವೆನೆಂದು ಅದು ಯಾರಿಗೂ ಹೇಳಲಿಲ್ಲ. ಯಾರ ನಮಸ್ಕಾರವನ್ನೂ ಬಯಸಲಿಲ್ಲ. ಅದರ ನಿಲುವಿಗೆ ಧ್ಯಾನವೆಂಬ ಹೆಸರಿಟ್ಟವರು ನಾವು. ಆ ಧ್ಯಾನವು ಸುಳ್ಳೆಂದು ನಿಂದಿಸಿದವರೂ ನಾವೇ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯ ಮಾತೂ ಹೀಗೆಯೇ. ನುಡಿಗೂ ನಡೆಗೂ ಅಂತರವಿದ್ದಲ್ಲಿ ಮಾತ್ರ ಡಾಂಭಿಕತೆಗೆ ಎಡೆಯುಂಟು. ನುಡಿಯೇ ಇಲ್ಲದ ಪ್ರಾಣಿಯು ಡಾಂಭಿಕನಾಗುವುದು ಹೇಗೆ?

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಬಕಕ್ಕೆ ನಿಂದೆ ಸಲ್ಲದಿದ್ದರೆ ಕಾಗೆಗೆ ಸ್ತುತಿಯೂ ಸಲ್ಲದಷ್ಟೆ. ಹಾಗಾದರೆ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಳಗವನ್ನು ಕರೆಯುವ ಕಾಗೆ ಕೋಳಿಗಳನ್ನು ಭಕ್ತನಿಗೆ ನಿದರ್ಶನವಾಗಿ ತಂದುದೇಕೆ? ಈ ಪ್ರಶ್ನೆ ಯೋಗ್ಯವಾದುದೇ. ಬಸವಣ್ಣನವರು ಕಾಗೆಗೆ ಪುಣ್ಯವನ್ನು ಹೊರಿಸಲಿಲ್ಲ. ಅರಿವುಳ್ಳ ಮನುಷ್ಯನಿಗೆ ನಾಚಿಕೆಯನ್ನು ತಂದರು. ಅರಿವಿಲ್ಲದ ಹಕ್ಕಿಯು ಸಹಜವಾಗಿ ಮಾಡುವುದನ್ನು ಶಿವನ ಹೆಸರು ಹೇಳುವವನು ಮಾಡದಿದ್ದರೆ ಅವನ ಅರಿವಿನಿಂದ ಆದ ಲಾಭವೇನು? ಬಕದ ಹೆಸರಾದರೋ ನಮ್ಮ ದೋಷವನ್ನು ಮುಚ್ಚುವುದಕ್ಕೆ ಬಳಕೆಯಾಗುತ್ತಿದೆ. ಕಪಟವನ್ನು ಹಕ್ಕಿಯ ಗುಣವೆಂದು ಕರೆದೊಡನೆ ಅದು ಮನುಷ್ಯನ ಆಯ್ಕೆಯೆಂಬುದು ಮರೆತುಹೋಗುತ್ತದೆ.

ಗರಿಯು ಹಕ್ಕಿಗೆ ಹುಟ್ಟಿನಿಂದ ಬಂದುದು, ಕೇಳದೆಯೇ ಮೂಡುವುದು. ವಿಭೂತಿ ರುದ್ರಾಕ್ಷಿಗಳಾದರೋ ಹಾಗಲ್ಲ. ಅವುಗಳನ್ನು ನಾವು ಪ್ರತಿದಿನವೂ ತಿಳಿದೇ ಧರಿಸುತ್ತೇವೆ. ಆದುದರಿಂದ ಅವು ಮೈಯ ಬಣ್ಣವಲ್ಲ, ಲೋಕಕ್ಕೆ ಕೊಟ್ಟ ಮಾತು. ಹಣೆಯಲ್ಲಿ ವಿಭೂತಿಯಿಟ್ಟು ತಕ್ಕಡಿಯಲ್ಲಿ ಕಡಿಮೆ ತೂಗುವವನೂ, ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿ ಬಾಗಿಲಿಗೆ ಬಂದವನ ಜಾತಿಯನ್ನು ವಿಚಾರಿಸಿ ಪಂಕ್ತಿಯನ್ನು ಬೇರೆಮಾಡುವವನೂ ಆ ಮಾತನ್ನು ಮುರಿದವರೇ. ಅಂಥವರನ್ನು ಬಕಕ್ಕೆ ಹೋಲಿಸಿದರೆ ಅಪಮಾನವಾಗುವುದು ಬಕಕ್ಕೆ.

ಹಾಗೆಂದು ಲಾಂಛನವನ್ನೇ ತೊರೆಯಬೇಕೆಂದಲ್ಲ. ಮಾತು ತಪ್ಪುವವರಿದ್ದಾರೆಂದು ಮಾತನ್ನೇ ಬಿಡುವುದುಂಟೇ? ಸುಳ್ಳಾಡಬಲ್ಲವನಿಗೆ ಮಾತ್ರ ಸತ್ಯವನ್ನಾಡುವ ಘನತೆಯುಂಟು. ಈ ಘನತೆ ಹಕ್ಕಿಗಿಲ್ಲ, ಮನುಷ್ಯನಿಗಿದೆ. ಶರಣರು ಆಚಾರಕ್ಕೆ ಅಷ್ಟು ಒತ್ತುಕೊಟ್ಟುದು ಇದಕ್ಕಾಗಿಯೇ. ಧರಿಸಿದ ಲಾಂಛನವನ್ನು ಕಾಯಕದಲ್ಲಿಯೂ ದಾಸೋಹದಲ್ಲಿಯೂ ನಿಜಮಾಡುವುದೇ ಭಕ್ತನಿಗೆ ಉಳಿದಿರುವ ಕೆಲಸ.