ದಾರಿ ಯಾರಿಗೆ ಮೊದಲು

ಎದುರಾದ ಇಬ್ಬರಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಧರ್ಮಶಾಸ್ತ್ರಕಾರರಿಗೆ ಸಣ್ಣ ವಿಷಯವಾಗಿರಲಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಗಾಡಿಯಲ್ಲಿರುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ ಅಂದರೆ ಗುರುಕುಲದ ವಿದ್ಯೆ ಮುಗಿಸಿದವನು, ರಾಜ, ಮದುಮಗ ಇವರಿಗೆ ದಾರಿ ಬಿಡಬೇಕೆಂದು ವಿಧಿಸುತ್ತದೆ. ಮಹಾಭಾರತದ ವನಪರ್ವದಲ್ಲಿ ಬಾಲಕ ಅಷ್ಟಾವಕ್ರನು ಇಂಥದೇ ನ್ಯಾಯವನ್ನೆತ್ತಿದಾಗ ಜನಕ ಮಹಾರಾಜನು ಪಕ್ಕಕ್ಕೆ ಸರಿಯುತ್ತಾನೆ. ಆದಿಪರ್ವದಲ್ಲಾದರೋ ಇಕ್ಕಟ್ಟಾದ ದಾರಿಯಲ್ಲಿ ವಸಿಷ್ಠಪುತ್ರ ಶಕ್ತಿಯೂ ಕಲ್ಮಾಷಪಾದ ರಾಜನೂ ಒಬ್ಬರಿಗೊಬ್ಬರು ಬಿಟ್ಟುಕೊಡದೆ ನಿಂತದ್ದರಿಂದ ಶಾಪವೂ ಸರ್ವನಾಶವೂ ಒದಗುತ್ತವೆ.

ಮನುವಿನ ಪಟ್ಟಿಯಲ್ಲಿ ಎರಡು ನ್ಯಾಯಗಳು ಬೆರೆತಿವೆ: ರೋಗಿಗೂ ಹೊರೆಯವನಿಗೂ ದಾರಿ ಸಲ್ಲುವುದು ಅವರ ಕಷ್ಟದಿಂದ, ರಾಜನಿಗೂ ಸ್ನಾತಕನಿಗೂ ಸಲ್ಲುವುದು ಪದವಿಯಿಂದ. 12ನೆಯ ಶತಮಾನದ ಶರಣರು ಪದವಿಯ ನ್ಯಾಯವನ್ನು ತಿರಸ್ಕರಿಸಿದರು. ಅವರ ಮಾತು ಇಂದಿಗೂ ಬಳಕೆಯಲ್ಲಿರುವ ಕೊಟ್ಟೂರು, ಹರಪನಹಳ್ಳಿ ಸೀಮೆಯವರಿಗೆ ಉಳಿಯುವುದು ಕಷ್ಟದ ನ್ಯಾಯ, ಅಂದರೆ ಹೊರೆಯ ನ್ಯಾಯವೊಂದೇ.

ಬಸ್ಸಿಗೆ ಸಿಗ್ನಲ್‌ನಲ್ಲಿ ಆದ್ಯತೆ ಕೊಡುವ ಪ್ರಶ್ನೆಯನ್ನು ಈ ನ್ಯಾಯದಿಂದಲೇ ಅಳೆಯಬೇಕು. ಬರುತ್ತಿರುವ ಬಸ್ಸನ್ನು ಯಂತ್ರವು ದೂರದಿಂದಲೇ ಗುರುತಿಸಿ, ಹಸಿರು ದೀಪವನ್ನು ಕೆಲವು ಸೆಕೆಂಡು ಹೆಚ್ಚು ಉರಿಸುವುದು ಅಥವಾ ಕೆಂಪನ್ನು ಬೇಗ ಮುಗಿಸುವುದು ಈ ಆದ್ಯತೆಯ ಕ್ರಮ. 2018ರ ಅಕ್ಟೋಬರಿನಲ್ಲಿ ಸಂಚಾರ ಆರಂಭಿಸಿದ ಹುಬ್ಬಳ್ಳಿ-ಧಾರವಾಡದ ‘ಚಿಗರಿ’ ಎಂಬ ತ್ವರಿತ ಸಾರಿಗೆ ಬಸ್ಸುಗಳಿಗೆ ಸುಮಾರು 22 ಕಿಲೋಮೀಟರ್ ಮಾರ್ಗದಲ್ಲಿ ಪ್ರತ್ಯೇಕ ಪಥವನ್ನೇ ಬಿಡಲಾಯಿತು. ಹರಪನಹಳ್ಳಿ ಸೀಮೆಯ ತೆಲಿಗಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆಂದು ಹೋದ ರೋಗಿಯೊಬ್ಬ ಆ ಬಸ್ಸಿನಲ್ಲಿ ಕುಳಿತಿದ್ದರೆ, ಮನುವಿನ ರೋಗಿಯೂ ಹೊರೆಯೂ ಒಂದೇ ಗಾಡಿಯಲ್ಲಿ ಬಂದಂತೆ.

ಐವತ್ತು ಜನರಿರುವ ಬಸ್ಸು 30 ಸೆಕೆಂಡು ನಿಂತರೆ ಒಟ್ಟು 25 ನಿಮಿಷದ ಮನುಷ್ಯಕಾಲ ಹೋಗುತ್ತದೆ. ಅಡ್ಡರಸ್ತೆಯಲ್ಲಿ ಮೂವತ್ತು ಜನ 10 ಸೆಕೆಂಡು ಹೆಚ್ಚು ಕಾದರೆ ಹೋಗುವುದು ಐದೇ ನಿಮಿಷ. ಲೆಕ್ಕ ಬಸ್ಸಿನ ಪರವಾಗಿದೆ. ಆದರೆ ಆ ಐದು ನಿಮಿಷ ಬೇರೆಯವರದು, ಅವರನ್ನು ಕೇಳಿ ಪಡೆದದ್ದಲ್ಲ, ಆದ್ದರಿಂದ ಅದು ಋಣ. ಇಲ್ಲಿ ಉಳಿಸಿದ ಅರ್ಧ ನಿಮಿಷವನ್ನು ಬಸ್ಸು ಮುಂದಿನ ವೃತ್ತದ ಕೆಂಪು ದೀಪದಲ್ಲಿ ಕಳೆದುಕೊಂಡರೆ ಅಡ್ಡರಸ್ತೆಯವರ ಕಾಯುವಿಕೆ ಯಾರಿಗೂ ದಕ್ಕದೆ ಹೋಗುತ್ತದೆ. ಸಿಗ್ನಲ್‌ಗಳ ಪರಸ್ಪರ ಹೊಂದಾಣಿಕೆ, ಅಂದರೆ ಸಾಲಿನ ದೀಪಗಳೆಲ್ಲ ಒಂದರ ಸಮಯವನ್ನು ಇನ್ನೊಂದು ಅರಿತು ಬದಲಾಗುವ ಏರ್ಪಾಡು, ಎಂಜಿನಿಯರುಗಳಿಗೆ ದಕ್ಷತೆಯ ವಿಷಯವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಆದ್ಯತೆ ಧರ್ಮಸಮ್ಮತವಾಗಲು ಬೇಕಾದ ಷರತ್ತು. ಹೊಂದಾಣಿಕೆಯಿಲ್ಲದ ಆದ್ಯತೆ ಕಾದವರಿಗೆ ಮಾಡಿದ ಅನ್ಯಾಯ.

ತಲೆಯೆಣಿಕೆಗೂ ಮಿತಿಯುಂಟು. ಕೋಲೂರಿ ರಸ್ತೆ ದಾಟುವ ಮುದುಕಿ ಒಬ್ಬಳೇ, ಎಣಿಕೆಯಲ್ಲಿ ಅವಳು ಸೋಲುತ್ತಾಳೆ. ಹೊರೆಯ ನ್ಯಾಯದಲ್ಲಿ ಸೋಲುವುದಿಲ್ಲ. ಹೀಗಾಗಿ ಬಸ್ಸಿಗೆ ಕೊಡುವ ಸೆಕೆಂಡುಗಳನ್ನು ಕಾರುಗಳ ಪಾಲಿನಿಂದ ತೆಗೆಯಬಹುದೇ ಹೊರತು, ಪಾದಚಾರಿ ದಾಟಲು ಬೇಕಾದ ಕನಿಷ್ಠ ಸಮಯದಿಂದ ಒಂದು ಸೆಕೆಂಡನ್ನೂ ತೆಗೆಯುವಂತಿಲ್ಲ.