ಕನಸಿನ ಕರ್ಮಕ್ಕೆ ಹೊಣೆ ಯಾರು?

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಆ ನಿದ್ರೆಯೊಳಗೆ ಅವನು ಕನಸು ಕಾಣುತ್ತಾನೆ. ಕನಸಿನಲ್ಲಿ ಸುಳ್ಳಾಡುತ್ತಾನೆ, ಕದಿಯುತ್ತಾನೆ, ಹಗಲಿನಲ್ಲಿ ನೆನೆಯಲೂ ನಾಚುವಂಥ ಕೃತ್ಯಗಳನ್ನು ಎಸಗುತ್ತಾನೆ. ಎಚ್ಚರವಾದೊಡನೆ ಸಜ್ಜನನ ಮನಸ್ಸಿನಲ್ಲಿ ಅಳುಕು ಹುಟ್ಟುತ್ತದೆ: ಇದು ನನ್ನೊಳಗಿನಿಂದಲೇ ಬಂದುದಲ್ಲವೆ? ಹಾಗಾದರೆ ಈ ಪಾಪವೂ ನನ್ನದೇ ಅಲ್ಲವೆ? ಈ ಅಳುಕನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು. ಕರ್ಮಕ್ಕೆ ಕರ್ತೃ ಯಾರೆಂಬ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾಭೇದವು ನಮ್ಮ ಪ್ರಾಚೀನರಿಗೆ ಸುಪರಿಚಿತವಾಗಿತ್ತು; ಮಾಂಡೂಕ್ಯೋಪನಿಷತ್ತು ಇದನ್ನು ವಿಚಾರಿಸಿದೆ. ಅವರ ದೃಷ್ಟಿ ಅಂತರ್ಮುಖವಾದುದು. ಮಲಗಿದವನನ್ನು ಹೊರಗಿನಿಂದ ಯಂತ್ರಗಳ ಮೂಲಕ ಪರೀಕ್ಷಿಸುವ ಕಾರ್ಯವು 20ನೆಯ ಶತಮಾನದಲ್ಲಿ ನಡೆಯಿತು. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರಿಸುವವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಆಗಾಗ್ಗೆ ಶೀಘ್ರವಾಗಿ ಚಲಿಸುವುದನ್ನು ಪ್ರಕಟಪಡಿಸಿದರು. ಅಂಥ ಸಮಯದಲ್ಲಿ 27 ಸಲ ಎಬ್ಬಿಸಿ ಕೇಳಿದಾಗ 20 ಸಲ ಸವಿವರವಾದ ಕನಸುಗಳ ವರ್ಣನೆ ದೊರೆಯಿತು. ಇದಕ್ಕೆ ಮುಂದೆ ರೆಮ್ ನಿದ್ರೆಯೆಂಬ ಹೆಸರು ರೂಢಿಗೆ ಬಂದಿತು. ವಯಸ್ಕರಲ್ಲಿ ಹಗುರ ನಿದ್ರೆ, ಗಾಢ ನಿದ್ರೆ, ರೆಮ್ ನಿದ್ರೆಗಳ ಚಕ್ರವು ಸುಮಾರು 90 ನಿಮಿಷಗಳಿಗೊಮ್ಮೆ ಆವರ್ತಿಸುತ್ತದೆ. ಕನಸುಗಳು ಇತರ ಹಂತಗಳಲ್ಲಿಯೂ ಬೀಳುವುದುಂಟು. ಆದರೆ ಸ್ಫುಟವಾದ, ಕಥೆಯಂತೆ ಸಾಗುವ ಕನಸುಗಳು ರೆಮ್ ನಿದ್ರೆಯಲ್ಲಿಯೇ ಹೆಚ್ಚು.

ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಝೂವೆ ಎಂಬ ವಿಜ್ಞಾನಿಯು 1959ರ ಸುಮಾರಿಗೆ ಇನ್ನೊಂದು ವಿಸ್ಮಯವನ್ನು ತೋರಿಸಿದನು. ಈ ಹಂತದಲ್ಲಿ ಮಿದುಳು ಎಚ್ಚರದಲ್ಲಿರುವಂತೆಯೇ ಚಟುವಟಿಕೆಯಿಂದಿರುತ್ತದೆ. ಆದರೆ ಕೈಕಾಲುಗಳ ಸ್ನಾಯುಗಳು ಬಿಗಿಯನ್ನು ಕಳೆದುಕೊಂಡು ನಿಶ್ಚೇಷ್ಟವಾಗುತ್ತವೆ. ಬೆಕ್ಕುಗಳ ಮಿದುಳಿನ ಕಾಂಡದಲ್ಲಿ ಈ ಕಟ್ಟನ್ನು ವಿಧಿಸುವ ಭಾಗವನ್ನು ಕೆಡಿಸಿದಾಗ, ಅವು ನಿದ್ರೆಯಲ್ಲಿಯೇ ಎದ್ದು ಬೇಟೆಯಾಡುವಂತೆ ವರ್ತಿಸಿದವು. 1996ರಲ್ಲಿ ಬೆಲ್ಜಿಯಮ್ ದೇಶದ ಸಂಶೋಧಕರು, ರೆಮ್ ನಿದ್ರೆಯಲ್ಲಿ ಭಾವೋದ್ರೇಕಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಉತ್ತೇಜಿತವಾಗಿಯೂ, ವಿವೇಚನೆಗೆ ನೆರವಾಗುವ ಮುಂಭಾಗದ ಕೆಲವು ಪ್ರದೇಶಗಳು ಮಂದವಾಗಿಯೂ ಇರುವುದನ್ನು ಕಂಡರು. ರಾಗದ್ವೇಷಗಳು ಎದ್ದಿವೆ, ತಡೆಯುವ ವಿವೇಕ ಮಲಗಿದೆ. ಇದೇ ಕನಸುಗಾರನ ಸ್ಥಿತಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಎಲ್ಲವೂ ಮಿದುಳಿನ ಆಟವೆಂದ ಮೇಲೆ ಹಗಲುಗಳ್ಳನೂ ಅದೇ ನೆಪವನ್ನು ಹೇಳಲಾರನೆ? ಹೇಳಲಾರನು. ಎಚ್ಚರದಲ್ಲಿರುವವನಿಗೆ ಬಯಕೆಯೂ ಹುಟ್ಟುತ್ತದೆ, ಅದನ್ನು ತಡೆಯುವ ಅವಕಾಶವೂ ಇರುತ್ತದೆ. ಆ ಅವಕಾಶವೇ ಹೊಣೆಯ ಮೂಲ. ಅರಿವು ಎಷ್ಟೋ ಹೊಣೆಯೂ ಅಷ್ಟೇ. ಕನಸು ಕಾಣುತ್ತಿರುವೆನೆಂದು ಕನಸಿನಲ್ಲಿಯೇ ಅರಿತು, ಮೊದಲೇ ಗೊತ್ತುಮಾಡಿದಂತೆ ಕಣ್ಣಿನ ಚಲನೆಯಿಂದ ಸಂಜ್ಞೆ ಮಾಡುವವರೂ ವಿರಳವಾಗಿ ಇದ್ದಾರೆಂಬುದು 1970ರ ದಶಕದಿಂದ ಪ್ರಯೋಗಸಿದ್ಧವಾಗಿದೆ. ಅಷ್ಟರಮಟ್ಟಿಗೆ ಅವರ ಕರ್ತೃತ್ವವೂ ಹೆಚ್ಚೆನ್ನಬೇಕು. ಸಾಮಾನ್ಯನು ಮಾತ್ರ ತನ್ನ ಕನಸಿಗೆ ಸಾಕ್ಷಿಯೇ ಹೊರತು ಕರ್ತೃವಲ್ಲ.

ನಿದ್ರೆಯಲ್ಲಿ ದೇಹವೇ ಎದ್ದು ನಡೆದರೆ ಏನೆನ್ನಬೇಕು? 1987ರಲ್ಲಿ ಕೆನಡಾ ದೇಶದಲ್ಲಿ ಒಬ್ಬನು ರಾತ್ರಿ ಎದ್ದು, ಕಾರನ್ನು ನಡೆಸಿಕೊಂಡು ಹೋಗಿ, ತನ್ನ ಅತ್ತೆಯನ್ನು ಕೊಂದನು. ಅವನು ನಿದ್ರಾಚಾರದಲ್ಲಿದ್ದನೆಂಬ ವಾದವನ್ನು ಒಪ್ಪಿ ಅವನನ್ನು ಬಿಡುಗಡೆ ಮಾಡಿದ ತೀರ್ಪನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಎತ್ತಿಹಿಡಿಯಿತು. ನಿದ್ರೆಯ ನಡಿಗೆಯು ಸಾಮಾನ್ಯವಾಗಿ ಗಾಢ ನಿದ್ರೆಯಿಂದ ಹುಟ್ಟುತ್ತದೆ. ಸತ್ತವಳ ಜೀವಕ್ಕೆ ಬೆಲೆಯಿಲ್ಲವೆಂದು ಈ ತೀರ್ಪಿನ ಅರ್ಥವಲ್ಲ. ಇಚ್ಛೆಯಿಲ್ಲದೆ ಚಲಿಸಿದ ಕೈಯನ್ನು ಕೊಲೆಗಾರನ ಕೈಯೆನ್ನಬಾರದೆಂದು ಮಾತ್ರ.

ಇಷ್ಟಕ್ಕೇ ನಿಂತರೆ ವಿಚಾರವು ಅರ್ಧವಾದೀತು. ನಿದ್ರೆಯಲ್ಲಿ ಹೊಣೆಯಿಲ್ಲದವನಿಗೆ ಎಚ್ಚರವಾದ ಮೇಲೆ ಹೊಣೆಯಿದೆ. 1986ರಲ್ಲಿ ಅಮೆರಿಕದ ಮಿನೆಸೋಟಾ ಪ್ರಾಂತದ ವೈದ್ಯರು ರೆಮ್ ನಿದ್ರೆಯ ಕಟ್ಟು ಸಡಿಲುವ ಮಾನವರೋಗವನ್ನು ವಿವರಿಸಿದರು. ಇದರಲ್ಲಿ ರೋಗಿಯು ಕನಸಿನ ಶತ್ರುವನ್ನು ಹೊಡೆಯಹೋಗಿ ಮಗ್ಗುಲಲ್ಲಿ ಮಲಗಿದ ಹೆಂಡತಿಯನ್ನು ಹೊಡೆಯುತ್ತಾನೆ. ಇದು ಹೆಚ್ಚಾಗಿ 50 ವರ್ಷ ದಾಟಿದ ಗಂಡಸರಲ್ಲಿ ಕಂಡುಬರುತ್ತದೆ. ಅನೇಕರಲ್ಲಿ ಮುಂದೆ ಬರುವ ಪಾರ್ಕಿನ್ಸನ್ ಮೊದಲಾದ ವ್ಯಾಧಿಗಳ ಮುನ್ಸೂಚನೆಯೂ ಆಗಿರುತ್ತದೆ. ಆ ಪೆಟ್ಟು ಗಂಡನ ಕ್ರೌರ್ಯವಲ್ಲ. ಬೆಳಗ್ಗೆ ಹೆಂಡತಿಯಿಂದ ಸಂಗತಿಯನ್ನು ತಿಳಿದ ಮೇಲೂ ಅವನು ನಕ್ಕು ಸುಮ್ಮನಾದರೆ, ನಾಚಿ ಮುಚ್ಚಿಟ್ಟರೆ, ಆ ಅಲಕ್ಷ್ಯಕ್ಕೆ ಅವನೇ ಕರ್ತೃ. ಬೇರೆ ಹಾಸಿಗೆ ಹಾಸಿಕೊಳ್ಳುವುದು, ಗಾಯಮಾಡುವ ವಸ್ತುಗಳನ್ನು ದೂರವಿಡುವುದು, ವೈದ್ಯರಲ್ಲಿಗೆ ಹೋಗುವುದು ಅವನ ಧರ್ಮ. ಇದು ಗಂಡನ ದ್ವೇಷವಲ್ಲ, ವ್ಯಾಧಿಯೆಂದು ತಿಳಿಯುವುದು ಮನೆಯವರಿಗೆ ಉಚಿತ. ಆದರೆ ಎಚ್ಚರದಲ್ಲಿಯೂ ಕೈಯೆತ್ತುವವನಿಗೆ ಈ ವಿನಾಯಿತಿ ಸಲ್ಲದು.

ಆದುದರಿಂದ ಕೆಟ್ಟ ಕನಸನ್ನು ಕಂಡ ಗೃಹಸ್ಥನು ಪ್ರಾಯಶ್ಚಿತ್ತಕ್ಕಾಗಿ ಹಂಬಲಿಸಬೇಕಾಗಿಲ್ಲ. ಮರವೆಯಲ್ಲಿ ಸಂಭವಿಸಿದುದನ್ನು ಮರವೆಗೇ ಬಿಡಲಿ. ಎದ್ದ ಮೇಲೆ ಕೈಗೆ ಬರುವ ಹಗಲು ಮಾತ್ರ ಅವನದು. ಆ ಹಗಲಿನ ಮಾತಿಗೂ ಕೈಗೂ ಲೆಕ್ಕ ಒಪ್ಪಿಸಲು ಅವನು ಸಿದ್ಧನಾಗಿರಲಿ.