ಪಾಪವೆಲ್ಲವೂ ಅಪರಾಧವೇ?

ಪಾಪಕ್ಕೆ ಮನುಷ್ಯ ದೇವನ ಮುಂದೆ ಲೆಕ್ಕ ಕೊಡಬೇಕು. ಅಪರಾಧಕ್ಕೆ ಪೊಲೀಸ್, ನ್ಯಾಯಾಲಯ, ಜೈಲುಗಳಿವೆ. ಅಸೂಯೆ, ಪರನಿಂದೆ, ಅಹಂಕಾರಗಳು ಘೋರ ಪಾಪಗಳೆಂದು ನಾವೆಲ್ಲ ನಂಬುತ್ತೇವೆ. ಆದರೆ ಅವುಗಳಿಗಾಗಿ ಯಾರನ್ನೂ ಜೈಲಿಗೆ ಅಟ್ಟುವುದಿಲ್ಲ. ಹಾಗಾದರೆ ಇವೆರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು? ಪೂರ್ವ ಆಫ್ರಿಕದ ಸೋಮಾಲಿಲ್ಯಾಂಡ್ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಏಡನ್ ಕೊಲ್ಲಿಯ ದಂಡೆಯ ಈ ಮುಸ್ಲಿಮ್ ನಾಡು 1991ರಲ್ಲಿ ತಾನು ಸೋಮಾಲಿಯದಿಂದ ಬೇರೆಯೆಂದು ಘೋಷಿಸಿಕೊಂಡಿತು. 2001ರಲ್ಲಿ ಜನಮತ ಪಡೆದ ಅದರ ಸಂವಿಧಾನದ ಪ್ರಕಾರ ಇಸ್ಲಾಮ್ ರಾಷ್ಟ್ರಧರ್ಮ. ಶರೀಅತ್‌ಗೆ ವಿರುದ್ಧವಾದ ಕಾನೂನಿಗೆ ಬೆಲೆಯಿಲ್ಲ. ಆದರೆ ಸಲಿಂಗಕಾಮದ ವಿಷಯದಲ್ಲಿ ಅಲ್ಲಿರುವುದು 1964ರಲ್ಲಿ ಜಾರಿಗೆ ಬಂದ ಸೋಮಾಲಿ ದಂಡಸಂಹಿತೆಯ 409ನೇ ವಿಧಿ. ಸಲಿಂಗ ಸಂಭೋಗಕ್ಕೆ ಅದು 3 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ.

ಈ ಸಂಹಿತೆಯ ಮಾದರಿ ಇಟಲಿಯದು. ಅದಕ್ಕೂ ಮೊದಲು, ಬ್ರಿಟಿಷರ ಕಾಲದಲ್ಲಿ, ಅಲ್ಲಿ ನಡೆಯುತ್ತಿದ್ದುದು 1860ರ ಭಾರತೀಯ ದಂಡ ಸಂಹಿತೆ. ಅದರ 377ನೇ ಕಲಂ ನಮಗೆ ಅಪರಿಚಿತವಲ್ಲ. ವಯಸ್ಕರ ಪರಸ್ಪರ ಒಪ್ಪಿಗೆಯ ಖಾಸಗಿ ಸಂಬಂಧಕ್ಕೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಅಂದರೆ ಧರ್ಮದ ಹೆಸರಿನಲ್ಲಿ ಸಮರ್ಥಿಸಲಾಗುವ ಈ ಸೆರೆವಾಸ ಬಂದ ದಾರಿ ಫಿಕ್‌ಹ್ ಗ್ರಂಥಗಳದ್ದಲ್ಲ, ವಸಾಹತುಶಾಹಿಯು ಬಿಟ್ಟುಹೋದ ದಂಡಸಂಹಿತೆಗಳದ್ದು.

ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಈ ಕೃತ್ಯವನ್ನು ಪಾಪವೆಂದೇ ಪರಿಗಣಿಸಿದ್ದಾರೆ. ಅದನ್ನು ನಾವು ಮರೆಮಾಚಬೇಕಿಲ್ಲ. ಆದರೆ ಶಿಕ್ಷೆಯ ಬಗ್ಗೆ ಅವರಲ್ಲಿ ಒಮ್ಮತವಿಲ್ಲ. ಇದಕ್ಕೆ ವ್ಯಭಿಚಾರದ ನಿಗದಿತ ಶಿಕ್ಷೆ ಅನ್ವಯಿಸದೆಂದು ಇಮಾಮ್ ಅಬೂ ಹನೀಫಾ ಅಭಿಪ್ರಾಯಪಟ್ಟಿದ್ದರು. ಇನ್ನೊಬ್ಬರ ಗುಟ್ಟನ್ನು ಕೆದಕಬಾರದೆಂದು ಕುರ್‌ಆನ್ ತಡೆಯುತ್ತದೆ. ವ್ಯಭಿಚಾರದ ಆರೋಪಕ್ಕೆ ನಾಲ್ವರು ಸಾಕ್ಷಿಗಳನ್ನು ಕೇಳುತ್ತದೆ. ಅವರನ್ನು ತರಲಾಗದ ಆರೋಪಿಸಿದವನಿಗೇ 80 ಛಡಿಯೇಟು ವಿಧಿಸುತ್ತದೆ. ಮದೀನಾದಲ್ಲಿ ಖಲೀಫಾ ಉಮರ್ ಗೋಡೆ ಹತ್ತಿ ಒಬ್ಬನ ತಪ್ಪನ್ನು ಹಿಡಿದಾಗ, ಆತನು ಖಲೀಫರ ಮೂರು ತಪ್ಪುಗಳನ್ನು ಎಣಿಸಿ ತೋರಿಸಿದ ಪ್ರಸಂಗ ಪ್ರಸಿದ್ಧವಾಗಿದೆ: ಬೇಹು, ಬಾಗಿಲು ಬಿಟ್ಟು ಗೋಡೆಯಿಂದ ಪ್ರವೇಶ, ಅನುಮತಿ ಕೇಳದಿರುವುದು. ಖಲೀಫರು ಅವನನ್ನು ಅವನ ಪಾಡಿಗೆ ಬಿಟ್ಟು ಮರಳಿದರು.

409ನೇ ವಿಧಿಯಲ್ಲಿ ಇಂತಹ ಯಾವ ತಡೆಯೂ ಇಲ್ಲ. ಅಂತಹ ಕಾನೂನಿನಿಂದ ಬಲ ಬರುವುದು ಯಾರಿಗೆ? ಬೆದರಿಸಿ ಹಣ ಕೀಳುವವನಿಗೆ. ಹೊಡೆಸಿಕೊಂಡವನು ದೂರು ಕೊಡಲು ಠಾಣೆಯ ಮೆಟ್ಟಿಲು ಹತ್ತಲಾರ. ಹತ್ತಿದರೆ ತಾನೇ ಆರೋಪಿಯಾಗುವ ಭಯ.

ಕುಟುಂಬವನ್ನು ಉಳಿಸಲು ಈ ಕಾನೂನು ಬೇಕೆಂದು ಹೇಳುವವರಿದ್ದಾರೆ. ಆದರೆ ಕುಟುಂಬ ಉಳಿಯುವುದು ಪ್ರೀತಿ, ತಿಳಿವಳಿಕೆ, ಸಂಸ್ಕಾರಗಳಿಂದ. ಬಲಾತ್ಕಾರ, ಮಕ್ಕಳ ಶೋಷಣೆ ನಡೆದಲ್ಲಿ ಸರಕಾರ ನಿರ್ದಾಕ್ಷಿಣ್ಯವಾಗಿ ಶಿಕ್ಷಿಸಲಿ. ಮುಚ್ಚಿದ ಬಾಗಿಲಿನ ಹಿಂದಿನ ಪಾಪಕ್ಕೆ ತೀರ್ಪು ನೀಡುವವನು ಬೇರೆಯೇ ಇದ್ದಾನೆ. ಧರ್ಮದಿಂದ ಕಾಠಿಣ್ಯವನ್ನು ಮಾತ್ರ ಎತ್ತಿಕೊಂಡು ಅದರ ಸಂಯಮವನ್ನು ಕೈಬಿಟ್ಟರೆ, ನಾವು ಪಾಲಿಸುತ್ತಿರುವುದು ಧರ್ಮವನ್ನೇ ಎಂದು ಹೇಗೆ ಹೇಳಲಾದೀತು?